ಮೇಲ್ಪದರದ ಕೆಂಪು

ಅಪರಾಹ್ನದ ಇಳಿಬಿಸಿಲು ಆ ಅಂಗಡಿಯ ದೊಡ್ಡ ಕಿಟಕಿಯ ಮೂಲಕ ಒಳಗೆ ನುಸುಳಿ, ಬೀರುಗಳಲ್ಲಿ ಸಾಲುಗಟ್ಟಿ ನಿಂತ ಹಳೆಯ ಕೆಂಪು ಗಾಜಿನ ಹೂದಾನಿ, ಬಟ್ಟಲು, ಲೋಟಗಳನ್ನೆಲ್ಲ ಒಮ್ಮೆಲೇ ಹೊತ್ತಿಸಿಬಿಡುತ್ತಿತ್ತು... ನೆಲ, ಗೋಡೆ, ಮೇಜಿನ ಮೇಲಿನ ಧೂಳು ಕೂಡ ರಕ್ತವರ್ಣದ ಸಂಧ್ಯೆಯಲ್ಲಿ ಮಿಂದೆದ್ದಂತೆ! ಸಹೃದಯ ಓದುಗರೇ, ನೋಡಲು ಬಂದವರಿಗೆ ಅದು ಮೈಮರೆಸುವ ಶೋಭೆ. ಅದರೊಳಗೇ ದಿನಗಳೆಯುವವಳಿಗೆ ಮಾತ್ರ ಉಸಿರುಗಟ್ಟಿಸುವ ಕೆಂಪು. ಗಾಳಿಗೆ ಗಾಜು ಉರುಳೀತೆಂದು ಆ ಕಿಟಕಿಯನ್ನು ಯಾರೂ ತೆರೆಯುತ್ತಿರಲಿಲ್ಲ.

ತಬ್ಬಲಿಯಾಗಿ ಬಂದ ಅವಳನ್ನು ಎದೆಗವಚಿಕೊಂಡು ಸಾಕಿದವರು ಅಂಗಡಿಯ ಯಜಮಾನರಾದ ದೊಡ್ಡಪ್ಪ. ಅವರ ಕಣ್ಣಿಗೆ ಮಬ್ಬು ಕವಿದ ಮೇಲೆ ಬೆಲೆ ಕಟ್ಟುವ ಭಾರ ಅವಳ ಮೇಲೆ ಬಿತ್ತು. ಅಂಚಿಗೆ ಬೆಳಕು ಹಾಯಿಸಿ, ಕೆಂಪು ಬಣ್ಣ ಗಾಜಿನ ಮೈಯೊಳಗೇ ಬೆರೆತ ಅಸಲಿಯೋ, ಬಣ್ಣವಿಲ್ಲದ ಗಾಜಿನ ಮೇಲೆ ತೆಳುವಾಗಿ ಬಳಿದ ನಕಲಿಯೋ ಎಂದು ಕ್ಷಣಾರ್ಧದಲ್ಲಿ ಹೇಳಿಬಿಡುವಳು. "ಇವಳ ಕಣ್ಣು ಒಮ್ಮೆ ತಪ್ಪಲಿ, ಅವತ್ತೇ ಮದುವೆ ಮಾಡಿ ಕಳಿಸಿಬಿಡ್ತೀನಿ," ಎಂದು ದೊಡ್ಡಪ್ಪ ಗಿರಾಕಿಗಳೆದುರು ನಗುತ್ತಿದ್ದರು. ಅವಳ ಕಣ್ಣು ಎಂದೂ ತಪ್ಪುತ್ತಿರಲಿಲ್ಲ; ಆ ತಮಾಷೆಯೇ ಅವಳ ಪಾಲಿಗೆ ಬಾಗಿಲ ಅಗುಳಿಯಾಗಿತ್ತು.

ತೂಗುದೀಪ ರಿಪೇರಿಗೆ ಬರುತ್ತಿದ್ದವನಿಗೆ ಅವಳು ಮನಸೋತಿದ್ದಳು. ಏಣಿಯ ಮೇಲಿಂದ ಅವನೊಮ್ಮೆ ಮೆಲ್ಲಗೆ ಹೇಳಿದ್ದ: "ಈ ಬೆಳಕಲ್ಲಿ ನಿಮ್ಮ ಮುಖದ ನಿಜವಾದ ಬಣ್ಣಾನೇ ಗೊತ್ತಾಗಲ್ಲ. ಒಂದ್ಸಲ ಹೊರಗೆ ಬನ್ನಿ." ಈಗ ಅವನು ಬೇರೆ ಊರಿಗೆ ಹೊರಟು ನಿಂತಿದ್ದ.

ಅದೇ ದಿನ ಹೆಂಗಸೊಬ್ಬಳು ಒಂದು ಬಟ್ಟಲು ತಂದಳು. ಬುಡದಲ್ಲಿ ಚಕ್ಕೆ ಎದ್ದ ಕಡೆ ಬಣ್ಣವಿಲ್ಲದ ಗಾಜು ಇಣುಕುತ್ತಿತ್ತು.

"ಅಸಲಿ, ದೊಡ್ಡಪ್ಪ," ಎಂದಳು ಅವಳು, ಅದನ್ನು ಕಂಡೂ.

ದೊಡ್ಡಪ್ಪ ಬಟ್ಟಲನ್ನು ಕೈಗೆತ್ತಿಕೊಂಡರು. ಬುಡ ಸವರುತ್ತ ಬಂದ ಹೆಬ್ಬೆರಳು ಆ ಚಕ್ಕೆಯ ಮೇಲೆ ನಿಂತಿತು... ಕಣ್ಣು ತಪ್ಪಿತೆಂದು ಬೈದರೆ ಅವಳಿಗೆ ಬಿಡುಗಡೆ! ಅವರು ಬೈಯಲಿಲ್ಲ. ಹೆಂಗಸು ಕೇಳಿದ ಬೆಲೆ ಕೊಟ್ಟು ಕಳಿಸಿ, ಚಕ್ಕೆ ಎದ್ದ ಮಗ್ಗುಲನ್ನು ಗೋಡೆಗೆ ತಿರುಗಿಸಿ ಬಟ್ಟಲನ್ನು ಬೀರುವಿನಲ್ಲಿಟ್ಟರು.

"ನೀನು ಅಸಲಿ ಅಂದ್ಮೇಲೆ ಅಸಲೀನೇ, ಮಗಳೇ. ನಿನ್ನ ಕಣ್ಣು ತಪ್ಪೋದುಂಟಾ?" ಅವರ ದನಿ ನಡುಗುತ್ತಿತ್ತು.

ಅವರಿಗೆ ಎಲ್ಲ ತಿಳಿದಿದೆ, ತಿಳಿದೇ ತನ್ನನ್ನು ಕಳಿಸಲು ಹೆದರಿದ್ದಾರೆ ಎಂದು ಅವಳಿಗೆ ಅರ್ಥವಾಯಿತು. ಎಂದಿನಂತೆ ಅವರು ಬೀರುವಿನ ಬೀಗದ ಕೈಯನ್ನು ಅವಳತ್ತ ಚಾಚಿದರು. ದಿನವೂ ಅದನ್ನು ತಾನಾಗಿಯೇ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದವಳು ಇಂದು ಕೈ ನೀಡಲಿಲ್ಲ.

"ಕಣ್ಣು ತಪ್ಪಲಿಲ್ಲ, ದೊಡ್ಡಪ್ಪ. ಸುಳ್ಳು ಹೇಳಿದೆ. ನಾನು ಹೋಗಬೇಕು."

ದೊಡ್ಡಪ್ಪ ಬೀಗದ ಕೈಯನ್ನು ಮೇಜಿನ ಮೇಲಿಟ್ಟರು. ಆಮೇಲೆ ತಡವರಿಸುತ್ತ ಹೋಗಿ, ತುಕ್ಕು ಹಿಡಿದ ಚಿಲಕವನ್ನು ಎಳೆದು ಕಿಟಕಿ ತೆರೆದರು.

"ಇಲ್ಲಿ ಬಾ. ಒಮ್ಮೆ ಬೆಳಕಲ್ಲಿ ಮುಖ ನೋಡ್ಕೋತೀನಿ."

ಮಬ್ಬುಗಣ್ಣಿಗೆ ಏನೂ ಕಾಣಲಿಲ್ಲ. ಬಟ್ಟಲನ್ನು ಸವರಿದ ಅದೇ ಹೆಬ್ಬೆರಳಿನಿಂದ ಅವಳ ಒದ್ದೆ ಕೆನ್ನೆಯನ್ನು ಮೆಲ್ಲನೆ ಸವರಿದರು... ಅಕ್ಕರೆ ಎಷ್ಟೋ ಸಲ ತನಗರಿವಿಲ್ಲದೆ ಸೆರೆಮನೆಯಾಗುತ್ತದೆ. ಅದರ ಬಾಗಿಲನ್ನು ತೆರೆಯಬಲ್ಲದ್ದೂ ಆ ಅಕ್ಕರೆಯ ಕೈಯೇ.