ಎರಡನೆಯ ದಾರಿ

ಸೇತುವೆಯ ಬುಡದ ಗುಂಡಿಗೆ ಇಳಿದ ಎಂಜಿನಿಯರ್ ಕೈಯಿಂದಲೇ ಮಣ್ಣು ಸರಿಸಿ ನೋಡಿದ. ಒಡೆದ ಕೊಳವೆಯೊಳಗೆ ನೀಲಿ ಕೇಬಲ್ಲು ತುಂಡಾಗಿತ್ತು. ಅದಕ್ಕೆ ಒತ್ತಿಕೊಂಡೇ ಇದ್ದ ಕಿತ್ತಳೆ ಬಣ್ಣದ್ದೂ ತುಂಡಾಗಿತ್ತು.

"ನೀರಿನ ಪೈಪಿಗೆ ಅಗೀತಿದ್ದೆ ಸಾರ್," ಎಂದ ಅಗೆಯುವ ಯಂತ್ರದ ಚಾಲಕ, ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು. "ಗುರುತಿನ ಕಲ್ಲು ಪೊದೆಯೊಳಗಿತ್ತು, ಕಾಣ್ಲಿಲ್ಲ. ಮೇಸ್ತ್ರಿ ಆಗ್ಲೇ ನಾಳೆಯಿಂದ ಬರಬೇಡ ಅಂದ್ಬಿಟ್ಟ."

ಕೇಬಲ್ ಬೆಸೆಯುವವನು ತನ್ನ ಪೆಟ್ಟಿಗೆ ಬಿಚ್ಚುತ್ತ ಇಣುಕಿ ನೋಡಿ ನಕ್ಕ. "ಗಂಡ ಹೆಂಡ್ತಿ ಜೋಡಿಯಾಗೇ ಹೋಗಿದಾರಲ್ಲ!"

ನದಿಯಾಚೆಯ ಸಣ್ಣ ಆಸ್ಪತ್ರೆಯ ಸ್ಕ್ಯಾನ್ ಚಿತ್ರಗಳು ಈಚೆಯ ದೊಡ್ಡಾಸ್ಪತ್ರೆಗೆ ಬರುವುದು ಈ ಕೇಬಲ್ಲಿನಲ್ಲೇ. ಮಾಹಿತಿಯ ಒಂದೊಂದು ತುಣುಕಿನ ಹಣೆಗೂ ದಾರಿ ಬರೆದ ಒಂದು ಚೀಟಿ. ನಡುವಿನ ಯಂತ್ರಗಳು ಚೀಟಿ ನೋಡಿ ಮುಂದಕ್ಕೆ ದಾಟಿಸುತ್ತವೆ. ನೀಲಿ ದಾರಿ ಕೆಟ್ಟರೆ, ಒಂದು ಕಾಲುವೆ ಮುಚ್ಚಿ ಇನ್ನೊಂದಕ್ಕೆ ನೀರು ತಿರುಗಿಸಿದ ಹಾಗೆ, ಚೀಟಿ ಬದಲಾಗಿ ಎಲ್ಲವೂ ಕಿತ್ತಳೆ ದಾರಿ ಹಿಡಿಯಬೇಕು. ಆ ಎರಡನೆಯದನ್ನು ಹಳೆಯ ಅಣೆಕಟ್ಟಿನ ಮೇಲಿಂದ ಸುತ್ತಿಸಿ ತರುವುದೆಂದಿತ್ತು. ಅಷ್ಟು ದೂರ ಅಗೆಸುವ ಖರ್ಚೇಕೆ, ಸೇತುವೆಯ ಕೊಳವೆಯಲ್ಲೇ ಜಾಗವಿದೆಯಲ್ಲ ಎಂದವನು ಈ ಎಂಜಿನಿಯರೇ. ಆಸ್ಪತ್ರೆಗೆ ಕೊಟ್ಟ ನಕ್ಷೆಯಲ್ಲಿ ಮಾತ್ರ ಎರಡು ಗೆರೆಗಳೂ ದೂರ ದೂರವೇ ಇದ್ದವು. ಆಸ್ಪತ್ರೆಯವರ ಮುಂದೆ ನೀಲಿ ತಂತಿ ಕಿತ್ತು ತೋರಿಸಿದಾಗ ಪರದೆಯ ಮೇಲಿನ ಚಿತ್ರ ಅಲುಗಿರಲಿಲ್ಲ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಅವನ ಅಕ್ಕ, ಆಚೆ ಆಸ್ಪತ್ರೆಯ ಹಿರಿಯ ನರ್ಸು. ಈ ಕೆಲಸ ತಮ್ಮನಿಗೇ ಕೊಡಿ ಎಂದು ಡಾಕ್ಟರಿಗೆ ದುಂಬಾಲು ಬಿದ್ದಿದ್ದವಳೂ ಅವಳೇ.

ಫೋನು ಬಡಿದುಕೊಂಡಿತು. ಅಕ್ಕನ ದನಿ ಗುಂಡಿಯ ಮೇಲಿದ್ದವರಿಗೂ ಕೇಳುವಷ್ಟು ಜೋರಾಗಿತ್ತು.

"ಎಲ್ಲಿದೀಯೋ? ತಲೆಗೆ ಪೆಟ್ಟು ಬಿದ್ದ ಮುದುಕರೊಬ್ಬರನ್ನ ಚಿತ್ರದ ಜೊತೆಗೇ ಗಾಡಿ ಹತ್ತಿಸಿ ಕಳಿಸಿದೀವಿ. ದಾರೀಲಿ ಏನಾಗುತ್ತೋ ಏನೋ. ಎರಡೂ ಒಟ್ಟಿಗೆ ಹೇಗೋ ಹೋಯ್ತು?"

"ಸೇತುವೆ ಹತ್ರ ಅಗೀತಿದ್ರು ಅಕ್ಕ..."

"ನಾನೂ ಅದೇ ಅಂದೆ! ನಿನ್ ತಮ್ಮನ ಕೆಲ್ಸ ಇಷ್ಟೇನಾ ಅಂದ್ರು ಡಾಕ್ಟ್ರು, ನಂಗೆ ರೇಗಿಹೋಯ್ತು. ಯಾವನೋ ತಲೆಕೆಟ್ಟವನು ಎರಡನ್ನೂ ಹುಡುಕಿ ಹುಡುಕಿ ಕಿತ್ತುಹಾಕಿದ್ರೆ ನಮ್ಮುಡುಗ ಏನ್ ಮಾಡ್ತಾನೆ ಅಂದೆ. ಸರಿ ತಾನೇ?"

ಚಾಲಕ ತಲೆ ತಗ್ಗಿಸಿದ.

"ಹೂಂ," ಎಂದ ಎಂಜಿನಿಯರ್.

"ಊಟ ಆಯ್ತಾ?" ಎಂದಳು ಅಕ್ಕ.

ಅವನು ಫೋನು ಕಟ್ ಮಾಡಿ ಜೇಬಿಗೆ ಹಾಕಿಕೊಂಡ. ಬೆಸೆಯುವವನು ಆಗಲೇ ಕೇಬಲ್ಲಿನ ಕೂದಲೆಳೆಯಂಥ ಗಾಜಿನ ಎಳೆಗಳನ್ನು ಬಿಡಿಸುತ್ತಿದ್ದ. ಗಾಳಿ ಎದ್ದಿತು. "ದೂಳು ಬಿದ್ರೆ ಬೆಸುಗೆ ಕೂರಲ್ಲ, ಯಾರಾದ್ರೂ ಮರೆ ಹಿಡೀರಪ್ಪ!"

ಹೇಳಿ ಮುಗಿಯುವ ಮೊದಲೇ ಚಾಲಕ ತನ್ನ ಯಂತ್ರದ ಟಾರ್ಪಾಲು ಎಳೆದುಕೊಂಡು ಗುಂಡಿಗೆ ಧುಮುಕಿದ. ಎರಡು ಕೈಯಲ್ಲೂ ಅದನ್ನು ಎತ್ತಿ ಹಿಡಿದು ನಿಂತ.

"ನೀವ್ಯಾಕೆ ಬಿಸಿಲಲ್ಲಿ ಸಾರ್? ಈ ಕಡೆ ಬನ್ನಿ."

ಎಂಜಿನಿಯರ್ ಮುಖ ಎತ್ತದೆ ಸರಿದು ಕೂತ. ಚಾಲಕನ ಮೇಲೆತ್ತಿದ ತೋಳುಗಳು ಸೋತು ನಡುಗತೊಡಗಿದವು. ಟಾರ್ಪಾಲಿನ ನೆರಳು ಎಂಜಿನಿಯರನ ಬೆನ್ನ ಮೇಲೆ ಸಣ್ಣಗೆ ಅಲುಗುತ್ತಲೇ ಇತ್ತು.