ಭಾವ ಕೊಟ್ಟ ನಕ್ಷೆ

ನನ್ನ ಭಾವ ಎಂಜಲು ಕೈಯಲ್ಲಿ ಕಾಗೆ ಓಡಿಸುವವರಲ್ಲ. ಅಂಥವರು ಒಂದು ಮಧ್ಯಾಹ್ನ ತಾವಾಗಿಯೇ ಕರೆದು, ಹಳೆಯ ಸಿಂಥಸೈಜರ್ ಒಂದರ ಸರ್ಕ್ಯೂಟ್ ನಕ್ಷೆಯನ್ನು ಕೈಗಿಟ್ಟು, "ತಗೊಳ್ಳೇ, ನಿಮ್ಮ ಪುಕ್ಕಟೆ ಅಂಗಡಿಗೆ ಹಾಕ್ಕೋ" ಅಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಬೆಪ್ಪುತಕ್ಕಡಿಯ ಹಾಗೆ ಎರಡೂ ಕೈ ಚಾಚಿ ಇಸಿದುಕೊಂಡೆ.

ಪುಕ್ಕಟೆ ಅಂಗಡಿ ಎಂದರೆ ನಮ್ಮ ಜಾಲತಾಣ. ಹಳೆಯ ಸಂಗೀತ ಯಂತ್ರಗಳನ್ನು ಮಾಡುತ್ತಿದ್ದ ಕಂಪನಿಗಳು ಮುಚ್ಚಿಹೋದವು. ಯಂತ್ರಗಳು ಮಾತ್ರ ಇನ್ನೂ ಮನೆಗಳಲ್ಲಿವೆ, ಕೆಡುತ್ತಲೂ ಇವೆ. ನಕ್ಷೆಯಿಲ್ಲದೆ ಅವನ್ನು ರಿಪೇರಿ ಮಾಡುವುದೆಂದರೆ ಕಣ್ಣು ಕಟ್ಟಿಕೊಂಡು ಸೂಜಿಗೆ ದಾರ ಪೋಣಿಸಿದ ಹಾಗೆ. ಅದಕ್ಕೇ ನಮ್ಮಂಥ ಕೆಲವರು, ಸಂಬಳ ಸಾರಿಗೆ ಒಂದೂ ಇಲ್ಲದೆ, ಸಿಕ್ಕ ನಕ್ಷೆಗಳನ್ನೆಲ್ಲ ಸ್ಕ್ಯಾನ್ ಮಾಡಿ, ಕಲೆ ತೆಗೆದು, ಯಾರು ಬೇಕಾದರೂ ಇಳಿಸಿಕೊಳ್ಳಲಿ ಎಂದು ಅಲ್ಲಿ ಇಡುತ್ತೇವೆ. ನಮ್ಮನ್ನೆಲ್ಲ ಹದ್ದುಬಸ್ತಿನಲ್ಲಿಡುವವರು ದೂರದ ಯಾವುದೋ ಊರಿನ ನಿವೃತ್ತ ಮೇಷ್ಟ್ರು. ಅವರ ಮುಖ ನೋಡಿಲ್ಲ, ಬೈಗುಳ ಮಾತ್ರ ಓದಿದ್ದೇನೆ.

ಭಾವ ಎಂದರೆ ಅಕ್ಕನ ಗಂಡ. ಅಂಥದೇ ಒಂದು ಕಂಪನಿಯಲ್ಲಿ ನಕ್ಷೆ ಬರೆಯುತ್ತಿದ್ದವರು. ಕಂಪನಿ ಮುಚ್ಚಿದಾಗ ನಕ್ಷೆಗಳ ಕಟ್ಟನ್ನು ಮನೆಗೆ ಹೊತ್ತು ತಂದು, ಅಂದಿನಿಂದ ಆ ಯಂತ್ರಗಳ ರಿಪೇರಿಯೆಲ್ಲ ತಮ್ಮೊಬ್ಬರ ಪಿತ್ರಾರ್ಜಿತ ಎಂದುಕೊಂಡಿದ್ದಾರೆ. ಮೊದಲು ಇಬ್ಬರೂ ಒಂದೇ ಅಂಗಡಿಯಲ್ಲಿ ರಿಪೇರಿ ಮಾಡುತ್ತಿದ್ದೆವು. ಗಿರಾಕಿಯ ಮುಂದೆ ನನ್ನನ್ನು "ನಮ್ಮ ಕೈಯಾಳು" ಎಂದ ಮೇಲೆ ನಾನು ಬೇರೆಯಾದೆ. ಈಗಲೂ ಅವರಿಗೆ ಬಹುವಚನ ಕೊಡುತ್ತಿರುವುದು ಅಕ್ಕನ ಮುಖ ನೋಡಿ.

ಆ ನಕ್ಷೆ ಒಟ್ಟಿಗೆ ಎಂಟು ದನಿ ಹೊರಡಿಸುವ ದೊಡ್ಡ ಸಿಂಥಸೈಜರಿನ, ಒಳಗೆ ಕರೆಂಟ್ ಹಂಚುವ ಪವರ್ ಬೋರ್ಡಿನದು. ನಾವು ವರ್ಷಗಟ್ಟಲೆ ಹುಡುಕುತ್ತಿದ್ದದ್ದು. ಆ ಯಂತ್ರ ನಮ್ಮೂರಿನಲ್ಲಿ ಇದ್ದದ್ದು ಒಂದೇ, ಅಕ್ಕನದು. ಅಕ್ಕ ಮಕ್ಕಳಿಗೆ ಕೀಬೋರ್ಡ್ ಪಾಠ ಹೇಳುತ್ತಾಳೆ. ಮದುವೆಗೆ ಮೊದಲೇ ಕೊಂಡಿದ್ದ ಯಂತ್ರ ಅದು, ಗಂಡನಿಗಿಂತ ಹಳೆಯದು. ಹೋದ ವರ್ಷ ಅದರ ದನಿ ನಿಂತಾಗ ಭಾವ ಒಂದು ವಾರ ಬಿಚ್ಚಿ ಕೂತು, ಕೊನೆಗೆ "ಮುದಿಯಾಯ್ತು, ಅದರ ಆಸೆ ಬಿಡು" ಎಂದು ಚಾದರ ಹೊದಿಸಿಬಿಟ್ಟರು. ಅಕ್ಕ ಒಂದು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಆಟದ ಸಾಮಾನಿನಂಥ ಪ್ಲಾಸ್ಟಿಕ್ ಕೀಬೋರ್ಡಿನಲ್ಲಿ ಪಾಠ ಶುರುಮಾಡಿದಳು.

ಯಂತ್ರದ ಜೊತೆ ಹೋಲಿಸದೆ ನಕ್ಷೆ ಏರಿಸಬಾರದು ಎಂಬುದು ತಾಣದ ಕಾನೂನು. ಚಾದರದ ಹತ್ತಿರಕ್ಕೂ ಭಾವ ನನ್ನನ್ನು ಬಿಡಲಿಲ್ಲ. "ಬರೆದವರ ಕೈಯಿಂದಲೇ ಬಂದಿದೆ, ನಾನು ಹೊಣೆ" ಎಂದು ಮೇಷ್ಟ್ರಿಗೆ ಬರೆದೆ. ಅವರು ಒಪ್ಪಿದರು.

ತಿಂಗಳೊಳಗೆ ಯಾವುದೋ ದೇಶದ ವಾದಕಿಯೊಬ್ಬಳು ಆ ನಕ್ಷೆ ನೋಡಿಕೊಂಡು ತನ್ನ ಅಂಥದೇ ಯಂತ್ರವನ್ನು ರಿಪೇರಿ ಮಾಡಿದಳು. ಸ್ವಿಚ್ ಹಾಕಿದ್ದೇ ತಡ, ದನಿ ಹೊರಡಿಸುವ ಚಿಪ್‌ಗಳು ಎಂಟಕ್ಕೆ ಎಂಟೂ ಸುಟ್ಟವು. ಆ ಚಿಪ್‌ಗಳನ್ನು ಈಗ ಲೋಕದಲ್ಲಿ ಯಾರೂ ತಯಾರಿಸುವುದಿಲ್ಲ.

ಮೇಷ್ಟ್ರು ಈ ಸಲ ಬೈಯಲಿಲ್ಲ. ನಾನು ಇಷ್ಟು ವರ್ಷ ಏರಿಸಿದ ಒಂದೊಂದು ನಕ್ಷೆಯ ಮೇಲೂ ಕೆಂಪಕ್ಷರದಲ್ಲಿ "ನಂಬಬೇಡಿ" ಎಂದು ಅಂಟಿಸಿದರು. ತಪ್ಪು ಎಲ್ಲಿದೆ ಎಂದು ನಿಜವಾದ ಬೋರ್ಡಿನ ಫೋಟೋ ಸಮೇತ ತೋರಿಸಿದರೆ ಮಾತ್ರ ತೆಗೆಯುತ್ತೇನೆ ಎಂದರು. ಬೆನ್ನು ನೋಯಿಸಿಕೊಂಡು ಮಾಡಿದ ಕೆಲಸದ ಮೇಲೆಲ್ಲ ಆ ಕೆಂಪು ನೋಡಿ ನನ್ನ ಮೈ ಉರಿದುಹೋಯಿತು. ನೇರ ಭಾವನ ಮನೆಗೆ ಹೋದೆ.

ಅವರು ಹಿಂದಿನ ಕೋಣೆಯಲ್ಲಿ, ಮಾತ್ರೆ ಡಬ್ಬಿಗಳಲ್ಲಿ ಸ್ಕ್ರೂ ತುಂಬಿಟ್ಟ ಮೇಜಿನ ಮುಂದೆ, ಬೆಸುಗೆ ಹಾಕುತ್ತ ಕೂತಿದ್ದರು. ತಲೆ ಎತ್ತಲಿಲ್ಲ.

"ನಕ್ಷೇಲಿ ತಪ್ಪಿದೆ ಭಾವ," ಅಂದೆ.

"ಇದ್ದೇ ಇರುತ್ತೆ. ಕಂಪನಿಯಿಂದ ಹೊರಗೆ ಹೋಗೋ ಒಂದೊಂದು ನಕ್ಷೇಲೂ ಬೇಕಂತಲೇ ಒಂದು ತಪ್ಪು ಗೆರೆ ಎಳೀತಿದ್ವಿ. ನಕಲು ಮಾಡೋ ಕಳ್ಳ ಸಿಕ್ಕಿಬೀಳಲಿ ಅಂತ. ಗೊತ್ತಿರೋರಿಗೆ ಗೊತ್ತಾಗುತ್ತೆ."

"ನಾನೇನು ಕದ್ದೆನಾ? ನೀವೇ ಕರೆದು ಕೊಟ್ರಿ."

"ಹೌದು, ಕೊಟ್ಟೆ. ನಿಮ್ಮ ತಾಣದ ಯೋಗ್ಯತೆ ಏನು ಅಂತ ನಾಲ್ಕು ಜನಕ್ಕೆ ತಿಳೀಲಿ ಅಂತ ಕೊಟ್ಟೆ. ನಮ್ಮ ಅನ್ನಕ್ಕೆ ಕಲ್ಲು ಹಾಕೋಕೆ ಹೊರಟಿದ್ದೀರಲ್ಲ, ಹಂಚಿ ಈಗ."

"ಯಾವ ಗೆರೆ ತಪ್ಪು? ಅಷ್ಟು ಹೇಳಿ, ಎದ್ದು ಹೋಗ್ತೀನಿ."

"ಹೇಳಲ್ಲ."

ಅವರ ಕೈಯಲ್ಲಿದ್ದ ಕಾದ ಕಡ್ಡಿಯನ್ನು ಕಿತ್ತುಕೊಂಡು ಆ ನಾಲಿಗೆಗೇ ಮುಟ್ಟಿಸೋಣ ಅನ್ನಿಸಿತು. ಹಿಂದಿನಿಂದ ಅಕ್ಕನ ದನಿ ಕೇಳಿತು. ಪಾಠ ಮುಗಿಸಿ ಬಂದು ಬಾಗಿಲಲ್ಲೇ ನಿಂತಿದ್ದಳು.

"ನನ್ನದನ್ನ ಬಿಚ್ಚಿ ನೋಡು ಬಾರೆ."

ಭಾವ ತಟ್ಟನೆ ಎದ್ದರು. "ಅದನ್ನ ಮುಟ್ಟಬೇಡಿ."

"ಹೇಗೂ ಸತ್ತಿದೆ ಅಂತ ನೀವೇ ಹೇಳಿದ್ರಲ್ಲ," ಅಂದಳು ಅಕ್ಕ. "ಬಿಚ್ಚಿದ್ರೆ ಇನ್ನೇನು ನೋವಾಗುತ್ತೆ ಅದಕ್ಕೆ?"

ಹಾಲ್‌ಗೆ ಬಂದು ಚಾದರ ಎಳೆದು ಮುಚ್ಚಳ ಎತ್ತಿದೆವು. ಇನ್ನೂ ಸುಟ್ಟ ವಾಸನೆಯಿತ್ತು. ಎಂಟು ಚಿಪ್‌ಗಳ ನೆತ್ತಿಯೂ ಕಪ್ಪಾಗಿ ಬಿರಿದಿತ್ತು. ಪವರ್ ಬೋರ್ಡಿನ ಮೇಲೆ ತಾಮ್ರದ ಒಂದು ಗೆರೆಯನ್ನು ಯಾರೋ ಬ್ಲೇಡಿನಿಂದ ಕೊಯ್ದು, ಅದರ ಬದಲಿಗೆ ಒಂದು ನೀಲಿ ವೈರನ್ನು ಬೇರೆ ಕಡೆಗೆ ಎಳೆದಿದ್ದರು. ಎರಡು ತುದಿಯಲ್ಲೂ ಸಾಸಿವೆ ಕಾಳಿನಷ್ಟು ಪುಟ್ಟ, ಗುಂಡನೆಯ ಬೆಸುಗೆ. ಈ ಊರಿನಲ್ಲಿ ಅಷ್ಟು ಚೆನ್ನಾಗಿ ಬೆಸೆಯುವ ಕೈ ಇನ್ನೊಂದಿಲ್ಲ.

ಫೋನಿನಲ್ಲಿ ನಕ್ಷೆ ತೆಗೆದು ಪಕ್ಕದಲ್ಲಿ ಹಿಡಿದೆ. ನೀಲಿ ವೈರು ನಕ್ಷೆಯಲ್ಲಿದ್ದ ಹಾಗೆಯೇ ಹೋಗಿತ್ತು. ಐದು ವೋಲ್ಟಿನ ಚಿಪ್‌ಗಳಿಗೆ ಹದಿನೈದು ವೋಲ್ಟ್ ಕುಡಿಸಿತ್ತು. ತಾಮ್ರದ ಗೆರೆ ಸರಿಯಿತ್ತು, ಕಾಗದ ಸುಳ್ಳು. ಎರಡೂ ಹೊಂದದಿದ್ದಾಗ ಮಹಾನುಭಾವರು ತಮ್ಮ ಕೈಬರಹವನ್ನು ನಂಬಿ, ಬೋರ್ಡೇ ತಪ್ಪು ಎಂದು ಅದನ್ನು ಕೊಯ್ದಿದ್ದರು.

"ಇದು ಮುದಿಯಾಗಿ ಸತ್ತಿದ್ದಲ್ಲ ಅಕ್ಕ," ಅಂದೆ. ಒಳಗೊಳಗೇ ನನಗೆ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ. ಅವಳ ಮುಖ ನೋಡಿದ ಮೇಲೆ ಅದು ನಿಂತಿತು.

ಅಕ್ಕ ನೀಲಿ ವೈರನ್ನು ಉಗುರಿನಿಂದ ಮುಟ್ಟಿದಳು. "ಇದನ್ನ ಹಾಕಿದ್ದು ನೀವಾ?"

ಭಾವ ಗೋಡೆ ನೋಡಿದರು. "ಮರ್ತುಹೋಗಿತ್ತು. ಅಷ್ಟೊಂದು ನಕ್ಷೆ. ಯಾವುದರಲ್ಲಿ ಯಾವ ಸುಳ್ಳು ಎಳೆದಿದ್ದೆ ಅಂತ ಎಷ್ಟು ನೆನಪಿಡೋದು?"

"ಸುಟ್ಟ ಮೇಲೆ ನೆನಪಾಯ್ತಲ್ಲ," ಅಂದಳು ಅಕ್ಕ. "ಆಮೇಲೂ ಅದನ್ನೇ ಇವಳ ಕೈಗೆ ಕೊಟ್ರಿ."

ನಾನು ಬೋರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ಫೋಟೋ ತೆಗೆದೆ. ಆಗ ಭಾವನಿಗೆ ಬಾಯಿ ಬಂತು.

"ಗೆರೆ ತಿದ್ದಿ ಹಾಕು, ಸಾಕು. ಫೋಟೋ ಬೇಡ. ಆ ಬೆಸುಗೆ ನೋಡಿದ್ರೆ ನಂದು ಅಂತ ಕಸುಬಿನೋರಿಗೆಲ್ಲ ತಿಳಿಯುತ್ತೆ. ನನ್ನ ಮರ್ಯಾದೆ ಏನಾಗಬೇಕು?"

"ನನ್ನ ಹೆಸರಿನ ಮೇಲೆ ಬಳಿದ ಕೆಂಪು ಏನಾಗಬೇಕು?" ಅಂದೆ. ಆದರೂ ಅಕ್ಕನ ಕಡೆ ನೋಡಿದೆ. ಗಂಡ ಅವಳವನು, ಬೇಡ ಅಂದಿದ್ದರೆ ಹಾಕುತ್ತಿರಲಿಲ್ಲ.

"ಹಾಕು," ಅಂದಳು. "ಯಾರ ಯಂತ್ರ ಅಂತ ಕೇಳಿದ್ರೆ ನನ್ನದು ಅನ್ನು. ಸುಟ್ಟಿದ್ದು ಯಾರು ಅಂತ ಕೇಳಿದ್ರೆ ಏನೂ ಹೇಳಬೇಡ. ಗೊತ್ತಿರೋರಿಗೆ ಗೊತ್ತಾಗುತ್ತೆ."

ಸಂಜೆಗೆ ಮೇಷ್ಟ್ರು ಕೆಂಪು ತೆಗೆದರು, ಜೊತೆಗೆ ಉದ್ದುದ್ದ ಬೈದರು. ಭಾವನ ಜೊತೆ ನಾನು ಮಾತು ಬಿಟ್ಟಿದ್ದೇನೆ. ಅವರೂ ಬಿಟ್ಟಿದ್ದಾರೆ, ಒಳ್ಳೆಯದೇ ಆಯಿತು. ಅಕ್ಕ ಮಾತ್ರ ಯಂತ್ರಕ್ಕೆ ಮತ್ತೆ ಚಾದರ ಹೊದಿಸಲಿಲ್ಲ. ಮುಚ್ಚಳ ತೆಗೆದ ಹಾಗೆಯೇ, ನೀಲಿ ವೈರು ಕಾಣುವ ಹಾಗೆ, ಹಾಲ್‌ನ ನಡುವೆ ಇಟ್ಟಿದ್ದಾಳೆ. ಭಾವ ಊಟಕ್ಕೆ ಹೋಗಬೇಕಾದರೆ ಅದನ್ನು ದಾಟಿಯೇ ಹೋಗಬೇಕು. ಪಾಠಕ್ಕೆ ಬಂದ ಮಕ್ಕಳು ಇದಕ್ಕೇನಾಯಿತು ಎಂದು ಕೇಳುತ್ತಾರೆ, ಅಕ್ಕ ಒಬ್ಬೊಬ್ಬರಿಗೂ ಕೂರಿಸಿಕೊಂಡು ಹೇಳುತ್ತಾಳೆ.