ಅತ್ತಿಗೆ ಕೂರಿಸಿದ ಮೂಲೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪಿಕೊಳ್ಳುತ್ತೇನೆ. ಆದರೆ ಆ ಭಾನುವಾರ ಹಳೆಯ ನೋಟು ಸಂಗ್ರಹಿಸುವವರ ಸಂಘದಲ್ಲಿ ಭೂತಗನ್ನಡಿ ಆಡಿದ ಮಾತಿಗೆ ಎಂಥ ತಣ್ಣಗಿನ ಮನುಷ್ಯನಿಗೂ ಮೈ ಉರಿಯುತ್ತಿತ್ತು. ಭೂತಗನ್ನಡಿ ಅಂದರೆ ನೋಟುಗಳ ವ್ಯಾಪಾರಿ. ಕತ್ತಿನಲ್ಲಿ ಸದಾ ಒಂದು ಭೂತಗನ್ನಡಿ ನೇತಾಡುತ್ತಿರುವುದರಿಂದ ನಾನೇ ಇಟ್ಟ ಹೆಸರು. ಅಂಚೆ ವಿಂಗಡಿಸುವ ಕೆಲಸದ ನನ್ನ ಅಣ್ಣ ವರ್ಷಗಟ್ಟಲೆ ಹುಡುಕಿ ಸಂಪಾದಿಸಿದ ಹಡಗಿನ ಚಿತ್ರದ ನೋಟನ್ನು ಅವನು ಬೆಳಕಿಗೆ ಹಿಡಿದ. ಆಮೇಲೆ ಇಡೀ ಹಾಲಿಗೆ ಕೇಳುವಂತೆ ಹೇಳಿದ.

“ಈ ಮೂಲೆ ಆಮೇಲೆ ಕೂರಿಸಿದ್ದು. ರಿಪೇರಿ ಮಾಡೋರು ಮನೇಲೇ ಇದ್ದಾರಲ್ಲ! ಆ ಕೈ ಎಲ್ಲಿದ್ರೂ ನನಗೆ ಗೊತ್ತಾಗುತ್ತೆ.”

ಆ ಕೈ ಅಂದರೆ ನನ್ನ ಅತ್ತಿಗೆಯದು. ಅತ್ತಿಗೆ ದೊಡ್ಡ ಗ್ರಂಥಾಲಯದಲ್ಲಿ ಹಳೆಯ ಪುಸ್ತಕಗಳ ಹರಿದ ಹಾಳೆ ಸರಿಪಡಿಸುತ್ತಾರೆ. ಅವರ ಕೈಗೆ ಹೋಗಿ ಬಂದ ಹಾಳೆ ಎಲ್ಲಿ ಹರಿದಿತ್ತೆಂದು ಹರಿದವನಿಗೇ ಗೊತ್ತಾಗುವುದಿಲ್ಲ. ಆ ನೋಟನ್ನು ಮಾತ್ರ ಅವರು ಮುಟ್ಟಿರಲಿಲ್ಲ. ಹಾಗಿದ್ದರೂ ಅಣ್ಣ ಮೋಸಗಾರನಾದ, ಅತ್ತಿಗೆ ಮೋಸಕ್ಕೆ ಕೈಜೋಡಿಸಿದವರಾದರು. ಸುದ್ದಿ ಗ್ರಂಥಾಲಯಕ್ಕೂ ಮುಟ್ಟಿ, ಮೇಲಧಿಕಾರಿ ಅತ್ತಿಗೆಯನ್ನು ಕರೆದು ವಿಚಾರಿಸಿದರಂತೆ. ಅಣ್ಣ ಸಂಘಕ್ಕೆ ಹೋಗುವುದನ್ನೇ ಬಿಟ್ಟ.

ದಾರಿ ಒಂದೇ ಇತ್ತು. ನೋಟನ್ನು ಪರೀಕ್ಷಿಸಿ, ಎಪ್ಪತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಚೀಟಿ ಸಮೇತ ಪ್ಲಾಸ್ಟಿಕ್ ಕವಚದಲ್ಲಿ ಸೀಲ್ ಮಾಡಿ ಕಳಿಸುವ ಗ್ರೇಡಿಂಗ್ ಕಂಪನಿಗಳಿವೆ. ರಿಪೇರಿ ಆಗಿದ್ದರೆ ಅದನ್ನೂ ಬರೆಯುತ್ತಾರೆ. ನಮಗೆ ಎರಡರ ವಿಳಾಸ ಸಿಕ್ಕಿತು. ಒಂದು ಹದಿನೈದು ದಿನದಲ್ಲಿ ಕಳಿಸುವವರದು, ಇನ್ನೊಂದು ಮೂರು ತಿಂಗಳು ಕಾಯಿಸುವವರದು.

“ಹದಿನೈದು ದಿನದವರಿಗೇ ಕಳಿಸಿ ಬಿಸಾಕಣ್ಣ. ಅಂಕಾನೂ ಧಾರಾಳವಾಗಿ ಕೊಡ್ತಾರಂತೆ” ಎಂದೆ ನಾನು.

“ಸ್ವಲ್ಪ ತಡಿಯಪ್ಪ. ನಮ್ಮನ್ನ ಅವರು ಪರೀಕ್ಷೆ ಮಾಡೋಕೆ ಮುಂಚೆ, ಅವರನ್ನ ನಾವು ಪರೀಕ್ಷೆ ಮಾಡೋಣ” ಎಂದರು ಅತ್ತಿಗೆ.

ಅಣ್ಣನ ಡಬ್ಬಿಯಿಂದ ಯಾರಿಗೂ ಬೇಡದ ಎರಡು ಹಳೆಯ ನೋಟು ತೆಗೆದರು. ನೋಡನೋಡುತ್ತಿದ್ದಂತೆ ಎರಡರ ಮೂಲೆಯನ್ನೂ ಪರ್ರನೆ ಹರಿದರು.

“ಅಯ್ಯಯ್ಯೋ, ಏನೇ ಇದು!” ಅಣ್ಣ ಎದೆ ಹಿಡಿದುಕೊಂಡ.

“ಸುಮ್ನಿರ್ರೀ, ನಿಮ್ಮ ಹಡಗನ್ನೇನೂ ಮುಳುಗಿಸಿಲ್ಲ.”

ಎರಡು ಭಾನುವಾರ ಕಿಟಕಿ ಪಕ್ಕ ಕೂತು ಆ ಕೆಲಸ ಮಾಡಿದರು. ಬೇರೊಂದು ಚಿಂದಿ ನೋಟಿನಿಂದ ಮೂಲೆ ತೆಗೆದು, ಅಂಚನ್ನು ಸೂಜಿಯಿಂದ ಬಿಡಿಸಿ, ಕಾಗದದ ಎಳೆಗೆ ಎಳೆ ಸೇರಿಸಿ, ತೆಳು ಗಂಜಿ ಸವರಿ, ಭಾರ ಹೇರಿ ಒಣಗಿಸಿದರು. ನಾನು ದರ್ಜಿ. ಹರಿದ ಕೋಟಿಗೆ ಕಾಣದಂತೆ ಹೊಲಿಗೆ ಹಾಕುತ್ತೇನೆಂದು ಬೀಗುತ್ತಿದ್ದವನು. ಆ ಮೂಲೆಯನ್ನು ತಿರುವಿ ತಿರುವಿ ನೋಡಿದೆ. ದೇವರಾಣೆ, ಜೋಡಿಸಿದ ಗೆರೆ ನನಗೆ ಸಿಗಲಿಲ್ಲ.

ಒಂದೊಂದನ್ನು ಒಂದೊಂದು ಕಡೆ ಕಳಿಸಿದೆವು. ಹದಿನೈದು ದಿನದವರು ಹನ್ನೆರಡನೇ ದಿನಕ್ಕೇ ಕಳಿಸಿದರು. ಅರವತ್ತನಾಲ್ಕು! ರಿಪೇರಿಯ ಸೊಲ್ಲೇ ಇಲ್ಲ. ನಾನು ಕುಣಿದಾಡಿಬಿಟ್ಟೆ. ಅತ್ತಿಗೆಯ ಮುಖ ಮಾತ್ರ ಸಪ್ಪಗಾಯಿತು.

ಮೂರು ತಿಂಗಳಿನವರದು ಬಂದಾಗ ಕವಚದ ಚೀಟಿಯಲ್ಲಿ ಅಂಕವೇ ಇರಲಿಲ್ಲ. “ರಿಪೇರಿ ಆಗಿದೆ” ಎಂದಷ್ಟೇ ಇತ್ತು. ಜೊತೆಗೆ ಒಂದು ಕಾಗದ. ಬಲಗಡೆಯ ಮೇಲಿನ ಮೂಲೆ ಬೇರೆ ನೋಟಿನದು, ಅಂಟು ಗಂಜಿಯದು, ಎಳೆಗಳು ಒಂದು ಕಡೆ ಮಾತ್ರ ಅಡ್ಡ ಬಿದ್ದಿವೆ ಎಂದು ಬರೆದಿದ್ದರು.

ಅತ್ತಿಗೆ ಓದಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಸಿಕ್ಕಿಬಿದ್ದೆ ನೋಡ್ರೀ! ಆ ಒಂದು ಕಡೆ ನನಗೂ ಅನುಮಾನ ಇತ್ತು. ಯಾರೋ ಪುಣ್ಯಾತ್ಮ, ಎಂಥ ಕಣ್ಣಪ್ಪ ಅವನದು! ಹಡಗಿನ ನೋಟು ಇವರಿಗೇ ಹೋಗ್ಲಿ.”

“ಅತ್ತಿಗೆ, ತಲೆ ಕೆಟ್ಟಿದೆಯಾ ನಿಮಗೆ? ನಿಮ್ಮ ಕೈಕೆಲಸಾನೇ ಪತ್ತೆ ಹಚ್ಚಿದೋರು ಅವರು. ಅಣ್ಣನಿಗಿಂತ ಮುಂಚೆ ಆ ನೋಟನ್ನ ಯಾರಾದ್ರೂ ರಿಪೇರಿ ಮಾಡಿದ್ರೆ? ಆಮೇಲೆ ಅದನ್ನೂ ನಿಮ್ಮ ತಲೆಗೇ ಕಟ್ತಾರೆ!”

“ಕಟ್ಲಿ. ಕಣ್ಣು ಕಾಣದೋರು ಚೆನ್ನಾಗಿದೆ ಅಂದ್ರೆ, ಅದನ್ನ ಹಿಡ್ಕೊಂಡು ಯಾರ ಮುಂದೆ ನಿಲ್ಲೋದು?”

ಅಣ್ಣ ಹಡಗಿನ ನೋಟನ್ನು ಡಬ್ಬಿಯಿಂದ ತೆಗೆದ. ಆಮೇಲೆ ತಾನೇ ಲಕೋಟೆಗೆ ಹಾಕಿ ವಿಳಾಸ ಬರೆದ. ಆ ಇಬ್ಬರ ಧೈರ್ಯಕ್ಕೆ ಸೈ ಅನ್ನಬೇಕು. ನನಗಂತೂ ಮೂರು ತಿಂಗಳೂ ಅನ್ನ ಸರಿಯಾಗಿ ಇಳಿಯಲಿಲ್ಲ. ಸಿಟ್ಟಿಗೆ ಎರಡು ಪ್ಯಾಂಟ್ ಗಿಡ್ಡ ಮಾಡಿಟ್ಟು ಗಿರಾಕಿಗಳ ಹತ್ತಿರ ಬೈಸಿಕೊಂಡೆ.

ಉತ್ತರ ಬಂತು. ಐವತ್ತೆಂಟು. ಅಣ್ಣ ಎಂದೂ ಗಮನಿಸದ ಒಂದು ಮಡಿಕೆಯ ಗುರುತು ನೋಟಿನ ನಡುವೆ ಇತ್ತಂತೆ, ಅದಕ್ಕೆ ಅಂಕ ಕಡಿಮೆ. ಕೆಳಗೆ, “ಮೂಲ ಕಾಗದ, ರಿಪೇರಿ ಇಲ್ಲ.” ಅಣ್ಣ ಆ ಸಾಲನ್ನು ಮತ್ತೆ ಮತ್ತೆ ಓದಿದ.

ಮುಂದಿನ ಭಾನುವಾರ ಮೂವರೂ ಸಂಘಕ್ಕೆ ಹೋದೆವು. ಚಪ್ಪಲಿ ಅಂಗಡಿಯ ಮೇಲಿನ ಹಾಲ್, ಹಳೆಯ ಕಾಗದದ ವಾಸನೆ, ಎಲ್ಲರೂ ಇದ್ದರು. ಭೂತಗನ್ನಡಿ ಚೀಟಿ ಓದಿ ತುಟಿ ಕೊಂಕಿಸಿದ.

“ದುಡ್ಡು ಕೊಟ್ರೆ ಯಾರು ಬೇಕಾದ್ರೂ ಬರೆದುಕೊಡ್ತಾರೆ.”

ನನ್ನ ಕೈ ಮುಷ್ಟಿಯಾಯಿತು. ಅತ್ತಿಗೆ ನನ್ನ ತೋಳು ಹಿಡಿದು ಹಿಂದಕ್ಕೆ ಸರಿಸಿ, ಚೀಲದಿಂದ ಇನ್ನೊಂದು ಕವಚ ತೆಗೆದು ಮೇಜಿನ ಮೇಲಿಟ್ಟರು.

“ಇದಕ್ಕೂ ಅಷ್ಟೇ ದುಡ್ಡು ಕೊಟ್ಟಿದ್ವಿ ಸಾರ್. ರಿಪೇರಿ ಅಂತ ಅವರೇ ಬರೆದಿದ್ದಾರೆ, ಓದಿ. ಇದು ನನ್ನ ಕೈಕೆಲಸ. ಆ ನೋಟನ್ನ ನಾನು ಮುಟ್ಟಿಲ್ಲ, ಇದನ್ನ ಮುಟ್ಟಿದ್ದೀನಿ. ನನ್ನ ಕೈ ಎಲ್ಲಿದ್ರೂ ಗೊತ್ತಾಗುತ್ತೆ ಅಂದಿದ್ರಲ್ಲ. ಎಲ್ಲಿದೆ, ತೋರಿಸಿ.”

ಕುರ್ಚಿಗಳು ಸರಿದವು. ಜನ ಸುತ್ತ ನೆರೆದರು. ಭೂತಗನ್ನಡಿ ನೋಟನ್ನು ಕಿಟಕಿಗೆ ಹಿಡಿದ, ದೀಪಕ್ಕೆ ಹಿಡಿದ, ಓರೆ ಮಾಡಿ ಹಿಡಿದ. ಕೊನೆಗೆ ಎಡಗಡೆಯ ಕೆಳಮೂಲೆಗೆ ಬೆರಳಿಟ್ಟ. ಅತ್ತಿಗೆ ಕೈಗಿತ್ತ ಕಂಪನಿಯ ಕಾಗದವನ್ನು ಸಂಘದ ಕಾರ್ಯದರ್ಶಿ ಗಟ್ಟಿಯಾಗಿ ಓದಿದರು. ಬಲಗಡೆ, ಮೇಲೆ.

ಅವನು ಬಲಗಡೆ ನೋಡಿದ. ಬಗ್ಗಿ ನೋಡಿದ. ಅತ್ತಿಗೆ ಕವಚದ ಮೇಲೆ ಉಗುರಿನಿಂದ ಗೆರೆ ಎಳೆದು ತೋರಿಸಿದರು. ಮತ್ತೆ ನೋಡಿದ. ಅವನ ಕಿವಿಯೆಲ್ಲ ಕೆಂಪಾಗಿತ್ತು.

“ಕಾಣ್ತಾ ಇಲ್ಲಮ್ಮ” ಎಂದ ಮೆಲ್ಲಗೆ.

“ಜೋರಾಗಿ ಹೇಳಿ ಸಾರ್, ಅವತ್ತು ಹೇಳಿದಷ್ಟೇ ಜೋರಾಗಿ” ಎಂದರು ಅತ್ತಿಗೆ.

ಅವನು ಹೇಳಿದ. ಹಾಲಿನ ಕೊನೆಯ ಸಾಲಿಗೂ ಕೇಳಿಸಿತು.